ಗಾಜಿನ ಆ ಕಡೆ

ಸ್ತಾರಿ ಲುಗ್
2 ಡಿಸೆಂಬರ್ 1978

ಮಗಳು ದಾನಿತ್ಸಾಗೆ,

ಯೇಸುವಿಗೆ ಸ್ತೋತ್ರ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಾವೆಲ್ಲ ಎಂದರೆ ನಾನು, ಬೆಕ್ಕು, ಮೊನ್ನೆಯವರೆಗೆ ಹಂದಿ. ಹಂದಿ ಕಡಿಯಲು ಪಕ್ಕದ ಮನೆ ಇಂಬ್ರಾ ಬಂದಿದ್ದ. ಅವನ ಕೈಗೆ ಚಾಕು ಕೊಡು, ಗಾಜು ಕೊಯ್ಯುವ ವಜ್ರ ಕೊಡು, ಕೆಲಸ ನೆಟ್ಟಗೆ ಆಗುತ್ತದೆ. ಬಾಯಿ ಮಾತ್ರ ಬಿಡುವುದಿಲ್ಲ. ಇಡೀ ದಿನ ಅವನು ಆಡಿದ್ದು "ಉಪ್ಪು ಸಾಕಾ ತ್ರೇಜಕ್ಕ" ಎನ್ನುವ ಒಂದೇ ಮಾತು. ಸಾಸೇಜುಗಳನ್ನು ಹೊಗೆಗೆ ಕಟ್ಟಿದ್ದೇನೆ, ಕ್ರಿಸ್ಮಸ್ಸಿಗೆ ಮೊದಲು ಕಳಿಸುತ್ತೇನೆ. ಗಂಡನಿಗೂ ಸ್ವಲ್ಪ ಉಳಿಸು.

ಹೊಲದ ಕೆಲಸ ಮುಗಿಯಿತು, ಕುಂಚ ಹಿಡಿದಿದ್ದೇನೆ. ಜೋಳ ಸುಲಿಯುವಾಗಲೇ ಕೈ ತುರಿಸುತ್ತಿತ್ತು. ವಯಸ್ಸಾದಂತೆ ಈ ಹುಚ್ಚು ಕಡಿಮೆಯಾಗುತ್ತದೆ ಎಂದು ನಿಮ್ಮಪ್ಪ ಕಾದು ಕಾದು ಹೋಗಿಬಿಟ್ಟ, ಪಾಪ. ಮದುವೆಯಾಗಿ ಬಂದ ಮೊದಲ ಚಳಿಗಾಲದಲ್ಲೇ ಅಡುಗೆಮನೆ ಕಿಟಕಿಯ ಗಾಜು ಕಿತ್ತು ಅದರ ಮೇಲೆ ಚಿತ್ರ ಬರೆದವಳು ನಾನು. ಅವನು ಕಿಟಕಿಗೆ ಗೋಣಿ ಕಟ್ಟಿ, ನಡುಗುತ್ತ, "ಊರಲ್ಲಿ ಎಲ್ಲರಿಗೂ ಹೆಂಡತಿ ಸಿಕ್ಕಳು, ನನಗೆ ಗಾಳಿ ಸಿಕ್ತು" ಎಂದಿದ್ದ. ಬೈದರೂ ಆ ಗಾಜನ್ನು ಒಡೆಯಲಿಲ್ಲ, ಅದು ನೆನಪಿದೆ.

ಈಗ ಮುಖ್ಯ ಸಮಾಚಾರ. ನಮ್ಮ ಚಿತ್ರಕಾರರ ಸಂಘದ ವಾಲೆಂಟ್ ಮೇಷ್ಟ್ರು ನನ್ನ ನಾಲ್ಕು ಚಿತ್ರಗಳನ್ನು ಸಮುದ್ರದ ದಂಡೆಯ ನಿಮ್ಮ ಒಪಾತಿಯಾದ ಒಂದು ಹೋಟೆಲಿಗೆ ಮಾರಿಸಿದ್ದಾರೆ. ಹೆಸರು ನೋಡಿದರೆ ನೀನು ಬಟ್ಟೆ ಒಗೆಸುವ ವಿಭಾಗ ನೋಡಿಕೊಳ್ಳುವ ಹೋಟೆಲೇ! ಊಟದ ಹಾಲಿನಲ್ಲಿ ತೂಗುಹಾಕುತ್ತಾರಂತೆ. ನಿಮ್ಮ ಮ್ಯಾನೇಜರಿಗೆ ಸ್ವಲ್ಪ ಹೇಳು: ಕ್ಯಾನ್ವಾಸಿನವರು ಎಲ್ಲ ಮುಗಿಸಿ ಕೊನೆಗೆ ಸಹಿ ಹಾಕುತ್ತಾರೆ, ಗಾಜಿನ ಬೆನ್ನಿಗೆ ಬರೆದು ಮುಂದಿನಿಂದ ತೋರಿಸುವ ನಮಗೆ ಎಲ್ಲವೂ ಉಲ್ಟಾ. ಮೊದಲು ಹೆಸರು, ಆಮೇಲೆ ಕಣ್ಣು ಮೂಗು, ಆಮೇಲೆ ಮುಖ, ಮರ, ಮನೆ, ಕಟ್ಟಕಡೆಗೆ ಆಕಾಶ. ಒಮ್ಮೆ ಮೇಲೆ ಬಣ್ಣ ಬಿತ್ತೆಂದರೆ ಕೆಳಗಿನದನ್ನು ತಿದ್ದುವ ಹಾಗಿಲ್ಲ. ಬಲಗೈ ಬೇಕಾದರೆ ಎಡಗೈ ಬರೆಯಬೇಕು.

ನೀನು ಚಿಕ್ಕವಳಿದ್ದಾಗ ಗಾಜಿನ ಆ ಕಡೆ ಸ್ಟೂಲ್ ಹಾಕಿಕೊಂಡು ಕೂತಿರುತ್ತಿದ್ದೆ. ನೀನು ಎಡಗೈ ಎತ್ತಿ ಹಿಡಿದರೆ, ಈ ಕಡೆಯಿಂದ ಅದನ್ನೇ ನೋಡಿಕೊಂಡು ನಾನು ಚಿತ್ರದ ಮುದುಕಿಯ ಬಲಗೈ ಬರೆಯುತ್ತಿದ್ದೆ. ಈಗ ಆ ಜಾಗದಲ್ಲಿ ನಿಮ್ಮಪ್ಪ ಗಡ್ಡ ಹೆರೆಯುತ್ತಿದ್ದ ಕನ್ನಡಿ ಇಟ್ಟುಕೊಂಡಿದ್ದೇನೆ. ಅದು ನಡುನಡುವೆ ಎದ್ದು ಹೋಗಿ ಪ್ಲಮ್ ಜಾಮ್ ತಿನ್ನುವುದಿಲ್ಲ, ಅಷ್ಟು ಲಾಭ.

ಚಿತ್ರ ನೋಡಿ ಬರಿ. ಜನ ಏನಂದರು ಅದನ್ನೂ ಬರಿ.

ನಿನ್ನ ಅಮ್ಮ,
ತ್ರೇಜಾ


ಒಪಾತಿಯಾ
19 ಡಿಸೆಂಬರ್ 1978

ಅಮ್ಮಾ,

ಸಾಸೇಜು ಬಂತು. ನಮ್ಮವರು ನಿನ್ನೆಯಿಂದ ನಿನ್ನನ್ನು ಹೊಗಳುವುದು ನಿಲ್ಲಿಸಿಲ್ಲ.

ಚಿತ್ರಗಳನ್ನು ನೋಡಿದೆ. ಕೊಯ್ಲಿನದು, ಹೆಬ್ಬಾತುಗಳದು, ದ್ರಾವಾ ನದಿ ಉಕ್ಕಿದ್ದು, ಮೂರೂ ನೋಡಿ ನನಗೆ ಊರಿಗೆ ಓಡಿಬರಬೇಕು ಎನಿಸಿತು. ನಾಲ್ಕನೆಯದರ ಬಗ್ಗೆ ಹೇಗೆ ಬರೆಯಲಿ ಎಂದು ತಿಳಿಯದೆ ಇಷ್ಟು ದಿನ ಸುಮ್ಮನಿದ್ದೆ.

ಹಿಮದಲ್ಲಿ ದಾರಿಬದಿಯ ಶಿಲುಬೆಯ ಮುಂದೆ ನಿಂತ ಮುದುಕಿ. ಅವಳು ಶಿಲುಬೆಯ ಗುರುತು ಹಾಕಿಕೊಳ್ಳುತ್ತಿರುವುದು ಬಲಗೈಯಲ್ಲಲ್ಲ, ಎಡಗೈಯಲ್ಲಿ, ಅಮ್ಮಾ.

ಮೊದಲು ನೋಡಿದವರು ವಿಯೆನ್ನಾ ಕಡೆಯ ಅತಿಥಿಗಳು. ಒಬ್ಬ ಎದ್ದು ನಿಂತು ಎಡಗೈಯಲ್ಲಿ ಗುರುತು ಹಾಕಿಕೊಂಡು ತೋರಿಸಿದ. ಮೇಜಿನವರೆಲ್ಲ ನಕ್ಕರು. ಈಗ ಅಡುಗೆಯವರೂ ಸೂಪು ಹಿಡಿದು ಹೋಗುವಾಗ ಹಾಗೇ ಮಾಡುತ್ತಾರೆ. ನಾನು ಟೇಬಲ್ ಬಟ್ಟೆ ಎಣಿಸುವ ನೆಪದಲ್ಲಿ ಒಳಗೆ ಹೋಗಿಬಿಡುತ್ತೇನೆ.

ಮೂಲೆಯಲ್ಲಿ ನಿನ್ನ ಹೆಸರಿದೆ. ನಿನ್ನ ಅಕ್ಷರವೇ. ಆದರೆ ನೀನು ಹೀಗೆ ಬರೆಯುವವಳಲ್ಲ. ಯಾರಾದರೂ ನಿನ್ನ ಹೆಸರನ್ನು ಬಳಸಿಕೊಂಡರೇ? ಬೇಸರ ಮಾಡಿಕೊಳ್ಳಬೇಡ, ಕೇಳದೆ ಇರಲಾಗಲಿಲ್ಲ.

ನಿನ್ನ ಮಗಳು,
ದಾನಿತ್ಸಾ


ಸ್ತಾರಿ ಲುಗ್
3 ಜನವರಿ 1979

ದಾನಿತ್ಸಾ,

ಹೊಸ ವರ್ಷಕ್ಕೆ ಒಳ್ಳೆಯ ಉಡುಗೊರೆ ಕಳಿಸಿದೆ.

ಆ ಚಿತ್ರ ನನ್ನದಲ್ಲ. ನಿನಗೆ ಹಾಲು ಕುಡಿಸುವ ಮೊದಲಿನಿಂದ ನಾನು ಗಾಜಿನ ಮೇಲೆ ಬರೆಯುತ್ತಿದ್ದೇನೆ. ನಮ್ಮೂರಿನ ಕೋಳಿಗೂ ಗೊತ್ತು ಯಾವ ಕೈಯಲ್ಲಿ ಗುರುತು ಹಾಕಿಕೊಳ್ಳಬೇಕು ಎಂದು. ನನಗೆ ಗೊತ್ತಿಲ್ಲವೇ?

ಹೆಸರು ನನ್ನದೇ. ಅದು ಹೇಗೆ ಎಂದರೆ, ನಾನು ಖಾಲಿ ಗಾಜುಗಳಿಗೆ ಮೊದಲೇ ಒಟ್ಟಿಗೆ ಹೆಸರು ಹಾಕಿ ಒಣಗಲು ಇಡುತ್ತೇನೆ. ಮನೆಯಲ್ಲಿ ಜಾಗ ಇಲ್ಲ ಎಂದು ಕೆಲವನ್ನು ಇಂಬ್ರಾನ ಕೊಟ್ಟಿಗೆಯಲ್ಲಿ ಇಟ್ಟಿದ್ದೆ, ಚೌಕಟ್ಟು ಮಾಡುವ ಜಾಗದಲ್ಲಿ. ಹೆಸರಿರುವ ಖಾಲಿ ಗಾಜು ಸಿಕ್ಕರೆ ಯಾರು ಏನು ಬೇಕಾದರೂ ತುಂಬಬಹುದು. ಚೌಕಟ್ಟಾದ ಚಿತ್ರಗಳು ಅಲ್ಲಿಂದಲೇ ಸಂಘಕ್ಕೆ ಹೋಗುತ್ತವೆ. ನಾನು ಯಾರ ಹೆಸರನ್ನೂ ಹೇಳುತ್ತಿಲ್ಲ. ಊರಿಗೆಲ್ಲ ಚೌಕಟ್ಟು ಹಾಕಿಕೊಡುವವನಿಗೆ ತಾನೂ ಬರೆಯಬೇಕು ಎನಿಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಅಷ್ಟೇ.

ಇದನ್ನು ಇಲ್ಲಿಗೇ ಬಿಟ್ಟುಬಿಡು. ನಕ್ಕವರು ನಕ್ಕುಕೊಳ್ಳಲಿ.

ಅಮ್ಮ


ಒಪಾತಿಯಾ
12 ಜನವರಿ 1979

ಅಮ್ಮಾ,

ಬಿಡಲು ಆಗುವುದಿಲ್ಲ. ನಿನ್ನ ಹೆಸರಿಗೆ ಮಸಿ ಬಳಿದವನನ್ನು ಸುಮ್ಮನೆ ಬಿಟ್ಟರೆ ನಾಳೆ ಇನ್ನೊಂದು ಹೋಟೆಲಿನಲ್ಲಿ ಇನ್ನೊಂದು ಮುದುಕಿ ನಗೆಪಾಟಲಾಗುತ್ತಾಳೆ. ನೀನು ಬರೆದದ್ದನ್ನೆಲ್ಲ ವಾಲೆಂಟ್ ಮೇಷ್ಟ್ರಿಗೆ ತಿಳಿಸಿದ್ದೇನೆ. ಅವರು ತಂತಿ ಕಳಿಸಿದ್ದರಿಂದ ಇಲ್ಲಿನ ಮ್ಯಾನೇಜರ್ ಆ ಚಿತ್ರವನ್ನು ಇಳಿಸಿ ರೈಲಿನಲ್ಲಿ ಸಂಘಕ್ಕೆ ವಾಪಸ್ ಕಳಿಸಲು ಒಪ್ಪಿದ್ದಾರೆ. ಇನ್ನು ನೀನು ತಲೆ ಕೆಡಿಸಿಕೊಳ್ಳಬೇಡ, ಎಲ್ಲ ನ್ಯಾಯವಾಗಿ ತೀರ್ಮಾನವಾಗುತ್ತದೆ.

ದಾನಿತ್ಸಾ


ಸ್ತಾರಿ ಲುಗ್
25 ಜನವರಿ 1979

ದಾನಿತ್ಸಾ,

ಯಾರು ನಿನಗೆ ಬರೆಯಲು ಹೇಳಿದರು? ನಾನು ನಿನಗೆ ಬರೆದದ್ದು ನಿನಗೆ. ಮೇಷ್ಟ್ರಿಗಲ್ಲ, ಊರಿಗಲ್ಲ.

ಈಗ ಊರೆಲ್ಲ ಅದೇ ಮಾತು. ಚರ್ಚಿನ ಬಾಗಿಲಲ್ಲಿ ಹೆಂಗಸರು ನನ್ನ ಕೈ ಹಿಡಿದು, ಅಯ್ಯೋ ತ್ರೇಜಾ, ಪಕ್ಕದಲ್ಲೇ ಹಾವು ಸಾಕಿಕೊಂಡಿದ್ದೆಯಲ್ಲ ಎಂದರು. ನಾನು ಪ್ರಾರ್ಥನೆ ಪುಸ್ತಕ ನೋಡುತ್ತ ನಿಂತೆ. ಮೇಷ್ಟ್ರು ಇಂಬ್ರಾನನ್ನು ಕರೆದು ಕೇಳಿದರಂತೆ. ಅವನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ, ಟೋಪಿ ಹಾಕಿಕೊಂಡು ಬಂದುಬಿಟ್ಟನಂತೆ. ಮಾರ್ಚ್ ಮೊದಲ ವಾರ ಸಂಘದ ಸಭೆ ಇದೆ. ಅಲ್ಲಿ ಅವನಿಂದ ಸಂಘದ ಕೆಲಸ ಕಿತ್ತುಕೊಳ್ಳುವ ಮಾತಿದೆ. ಊರಿನವರು ಈಗಲೇ ಚೌಕಟ್ಟಿಗೆ ಕೊಪ್ರಿವ್ನಿತ್ಸಾ ಪೇಟೆಗೆ ಹೋಗುತ್ತಿದ್ದಾರೆ.

ಅವನು ನನ್ನ ಮನೆಗೆ ಬರುವುದನ್ನು ನಿಲ್ಲಿಸಿದ್ದಾನೆ. ಆದರೆ ಬೆಳಿಗ್ಗೆ ಬಾಗಿಲು ತೆಗೆದರೆ ನನ್ನ ಗೇಟಿನವರೆಗೂ ಹಿಮ ಬಾಚಿರುತ್ತದೆ. ಆ ದಾರಿಯಲ್ಲಿ ಕಾಲಿಡಲು ನನಗಾಗುತ್ತಿಲ್ಲ. ಪಕ್ಕದ ಹಿಮದಲ್ಲೇ ಕಾಲು ಹೂತುಕೊಂಡು ಹೋಗುತ್ತೇನೆ.

ನೀನು ಸರಿಯಾಗಿ ನೋಡಲಿಲ್ಲ ಎಂದು ಮೇಷ್ಟ್ರಿಗೆ ಬರೆದುಬಿಡು. ಬೆಳಕು ಸಾಲದಿತ್ತು ಎಂದು ಬರಿ. ಏನಾದರೂ ಬರಿ.

ಅಮ್ಮ


ಸ್ತಾರಿ ಲುಗ್
8 ಫೆಬ್ರವರಿ 1979

ತಂಗಿ ದಾನಿತ್ಸಾ,

ನಿನ್ನ ಕಾಗದ ಬಂತು. ಬೈದು ಬರೆದಿದ್ದೀಯ, ಇರಲಿ. ನಾನು ಕಾಗದ ಬರೆಯೋನಲ್ಲ. ಮಿಲಿಟರಿಯಲ್ಲಿದ್ದಾಗ ಅವ್ವನಿಗೆ ಬರೆದದ್ದೇ ಕೊನೆ.

ನಾನು ಚಿತ್ರ ಬರೆದೆ ಅಂತೀಯಲ್ಲ, ಯಾರನ್ನಾದರೂ ಕೇಳು. ನಾನು ಹಸು ಬರೆದರೆ ಇದು ಒಲೆಯಾ ಅಂತಾರೆ. ಒಂದ್ಸಲ ನನ್ನ ಮಗಳಿಗೆ ಕೋಳಿ ಬರೆದುಕೊಟ್ಟೆ, ಹೆದರಿಕೊಂಡು ಅತ್ತಿತು.

ಆ ಚಿತ್ರಕ್ಕೆ ಚೌಕಟ್ಟು ಹಾಕಿದ್ದು ನಾನೇ. ಅದನ್ನ ತರೋಕೆ ಹೋದಾಗ ಬಣ್ಣ ಇನ್ನೂ ಹಸಿ ಇತ್ತು. ತಿರುಗಿಸಿ ನೋಡಿದೆ. ಕೈ ನೋಡಿದೆ. ತ್ರೇಜಕ್ಕ ಒಲೆ ಹತ್ತಿರ ನಿಂತು ಹೇಗಿದೆ ಇಂಬ್ರಾ ಅಂದ್ರು. ಚೆನ್ನಾಗಿದೆ ಅಂದೆ. ಅವರ ಮುಖ ನೋಡಿದ ಮೇಲೆ ಬೇರೆ ಏನೂ ಹೇಳೋಕೆ ಬರಲಿಲ್ಲ. ಆವತ್ತು ಹೇಳಿದ್ದಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ. ತಪ್ಪು ನನ್ನದೂ ಇದೆ.

ಇದಕ್ಕಿಂತ ಹೆಚ್ಚು ನನ್ನ ಕೇಳಬೇಡ. ಮೇಷ್ಟ್ರಿಗೂ ಹೇಳಬೇಡ. ಚೌಕಟ್ಟಿಲ್ಲದಿದ್ದರೆ ನನಗೆ ಮರ ಕೊಯ್ಯೋ ಕೆಲಸ ಇದೆ. ತ್ರೇಜಕ್ಕನಿಗೆ ಬೇರೆ ಏನಿದೆ?

ಇಂಬ್ರಾ


ಒಪಾತಿಯಾ
17 ಫೆಬ್ರವರಿ 1979

ಅಮ್ಮಾ,

ಇಂಬ್ರಣ್ಣ ಬರೆದಿದ್ದರು. ಏನು ಬರೆದರು ಎಂದು ನಾನು ಹೇಳುವುದಿಲ್ಲ, ನಿನ್ನನ್ನೂ ಏನೂ ಕೇಳುವುದಿಲ್ಲ. ಅವರಿಗೆ ಕ್ಷಮೆ ಕೇಳಿ ಬರೆದಿದ್ದೇನೆ. ಕಾಗದದಲ್ಲಿ ಕೇಳಿದ ಕ್ಷಮೆ ಎಷ್ಟರದ್ದು ಎಂದು ನನಗೂ ಗೊತ್ತು.

ನಾನು ನಿನಗೆ ಒಂದು ವಿಷಯ ಮುಚ್ಚಿಟ್ಟಿದ್ದೆ. ಆ ದಿನ ವಿಯೆನ್ನಾದವನು ಎಡಗೈಯಲ್ಲಿ ಗುರುತು ಹಾಕಿ ತೋರಿಸಿದಾಗ ಮ್ಯಾನೇಜರ್ ನನ್ನ ಕಡೆ ತಿರುಗಿ, "ನೀವು ಆ ಕಡೆಯವರೇ ಅಲ್ವಾ, ಈ ತ್ರೇಜಾ ಅನ್ನೋರು ಗೊತ್ತಾ?" ಎಂದರು.

"ಗೊತ್ತಿಲ್ಲ" ಎಂದೆ.

ಅಷ್ಟೇ ಅಲ್ಲ. ಎಲ್ಲರೂ ನಗುತ್ತಿದ್ದರಲ್ಲ, ನಾನೂ ನಕ್ಕೆ. ಜೋರಾಗಿಯೇ ನಕ್ಕೆ, ನನ್ನ ಮೇಲೆ ಯಾರಿಗೂ ಅನುಮಾನ ಬರದಿರಲಿ ಎಂದು. ಆಮೇಲೆ ಬಟ್ಟೆ ಕೋಣೆಗೆ ಹೋಗಿ ಇಸ್ತ್ರಿ ಮಾಡಿದ ಬಟ್ಟೆಗಳನ್ನೇ ಮತ್ತೆ ಮಡಿಸುತ್ತ ಕೂತೆ. ನಿನ್ನ ಮಾನ ಉಳಿಸಬೇಕು ಎಂದು ಮೇಷ್ಟ್ರಿಗೆ ಬರೆದೆ ಎಂದುಕೊಂಡಿದ್ದೆ. ಅಲ್ಲ ಅಮ್ಮ. ಆ ಚಿತ್ರ ನಿನ್ನದಲ್ಲ ಎಂದಾದರೆ, ನಾನು ನಕ್ಕದ್ದು ನಿನ್ನನ್ನು ನೋಡಿ ಅಲ್ಲ ಎಂದಾಗುತ್ತಿತ್ತು. ಅದಕ್ಕೆ ಬರೆದೆ.

ನನಗೆ ಬೈದು ಒಂದು ಸಾಲು ಬರಿ. ಬೈಯದೆ ಇರಬೇಡ.

ದಾನಿತ್ಸಾ


ಸ್ತಾರಿ ಲುಗ್
9 ಮಾರ್ಚ್ 1979

ದಾನಿತ್ಸಾ, ನನ್ನ ಮಗಳೇ,

ಇಷ್ಟು ದಿನ ನಿನಗೆ ಬರೆಯದಿದ್ದದ್ದು ಕೋಪಕ್ಕಲ್ಲ. ನೀನು ನಕ್ಕೆ ಎಂದು ಓದಿದಾಗ ನೋವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಬೈಯಲು ಬಾಯಿ ಬರಲಿಲ್ಲ. ನೀನು ಗೊತ್ತಿಲ್ಲ ಎಂದೆ, ನಾನು ನನ್ನದಲ್ಲ ಎಂದೆ. ಇಬ್ಬರೂ ಒಂದೇ ಮುದುಕಿಯನ್ನು ಹಿಮದಲ್ಲಿ ಬಿಟ್ಟು ಬಂದೆವು.

ಮೊನ್ನೆ ಸಭೆ ಆಯಿತು, ಅಗ್ನಿಶಾಮಕ ದಳದ ಹಾಲಿನಲ್ಲಿ. ಹೋಗುವುದೋ ಬೇಡವೋ ಎಂದು ಬೆಳಿಗ್ಗೆಯಿಂದ ತಲೆವಸ್ತ್ರ ಕಟ್ಟುವುದು ಬಿಚ್ಚುವುದು ಮಾಡಿದೆ. ಹೋದೆ. ಮೇಜಿನ ಮೇಲೆ ಆ ಚಿತ್ರ ಇಟ್ಟಿದ್ದರು. ತಿಂಗಳುಗಳ ಮೇಲೆ ನೋಡಿದೆನಲ್ಲ, ಮೊದಲು ಕೈ ಕಡೆ ಕಣ್ಣು ಹೋಗಲಿಲ್ಲ. ಹಿಮದ ಆ ನೀಲಿ ಎಷ್ಟು ಚೆನ್ನಾಗಿ ಬಂದಿದೆ ಎಂದುಕೊಂಡೆ. ನನ್ನ ಕೂಸು ಅದು. ಆಮೇಲೆ ಕೈ ಕಂಡಿತು. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

ಇಂಬ್ರಾ ಬಾಗಿಲ ಹತ್ತಿರ ಟೋಪಿ ಹಿಡಿದು ನಿಂತಿದ್ದ. ಮೇಷ್ಟ್ರು ಮಾತು ಶುರುಮಾಡುವ ಮುಂಚೆ ನಾನು ಎದ್ದೆ. "ಇದು ನಂದು. ನಾನೇ ಬರೆದಿದ್ದು. ಇಂಬ್ರಾ ಮುಟ್ಟಿಲ್ಲ."

ನಂಬಿದರು ಎಂದುಕೊಂಡೆಯಾ? ಯಾರೂ ನಂಬಲಿಲ್ಲ. ಮೇಷ್ಟ್ರು ನನ್ನ ಭುಜ ಹಿಡಿದು, "ತ್ರೇಜಾ, ನಿಮ್ಮ ಮನಸ್ಸು ದೊಡ್ಡದು. ಆದ್ರೆ ಪಕ್ಕದ ಮನೆಯವನು ಅಂತ ಹೀಗೆ ಮೇಲೆ ಹಾಕ್ಕೋಬಾರದು" ಎಂದರು. ಹೆಂಗಸರು ಕಣ್ಣೊರೆಸಿಕೊಂಡರು. ತಪ್ಪು ಒಪ್ಪಿಕೊಳ್ಳಲು ಹೋದವಳು ಸಂತಳಾಗಿ ನಿಂತೆ. ಅದಕ್ಕಿಂತ ದೊಡ್ಡ ನಾಚಿಕೆ ನನ್ನ ಜೀವಮಾನದಲ್ಲಿ ಆಗಿಲ್ಲ.

ಗಾಜು ತನ್ನಿ ಎಂದೆ. ಸಂಘದ ಕಪಾಟಿನಲ್ಲಿ ಗಾಜು, ಬಣ್ಣ ಎಲ್ಲ ಇದ್ದವು. ಬೇಕಂತಲೇ ತಪ್ಪು ಬರೆದು ತೋರಿಸೋಣ, ಇಂಬ್ರಾ ಪಾರಾಗಲಿ ಎಂದು ಲೆಕ್ಕ ಹಾಕಿಕೊಂಡೇ ಕೂತೆ. ಆದರೆ ಕುಂಚದ ತುದಿ ಗಾಜಿಗೆ ತಗುಲಿದ ಮೇಲೆ ಆಗಲಿಲ್ಲ, ದಾನಾ. ಬೇಕಂತಲೇ ಕೆಟ್ಟದಾಗಿ ಬರೆಯಲು ನನಗೆ ಬರುವುದಿಲ್ಲ. ಇಂಬ್ರಾನನ್ನೂ ಮರೆತೆ, ಸಭೆಯನ್ನೂ ಮರೆತೆ. ಈ ಸಲ ಸರಿಯಾಗಿ ಬರೆದುಬಿಡುತ್ತೇನೆ ಎಂದು, ಪೂರ್ತಿ ಎಚ್ಚರದಿಂದ, ಬಲವನ್ನು ಎಡ ಮಾಡಿ ಎಡವನ್ನು ಬಲ ಮಾಡಿ, ತುಟಿ ಕಚ್ಚಿಕೊಂಡು ಬರೆದೆ. ಮುದುಕಿಯ ಮುಖ, ಎತ್ತಿದ ಕೈ, ಬೆರಳ ಗೆಣ್ಣುಗಳು. ನನಗೆ ಸಂತೋಷವಾಗಿತ್ತು, ನಿಜವಾಗಿ.

ಮೇಷ್ಟ್ರು ಗಾಜನ್ನು ತಿರುಗಿಸಿ ಹಿಡಿದರು.

ಎಡಗೈ.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಮೇಷ್ಟ್ರು ನನ್ನನ್ನು ನೋಡಲಾರದೆ ಕನ್ನಡಕ ಒರೆಸುತ್ತ ನಿಂತರು. ನಾನು ಮಡಿಲಲ್ಲಿ ಕೈ ಇಟ್ಟುಕೊಂಡು ಕೂತೆ. ಅವು ನನ್ನ ಕೈಗಳೇ ಅಲ್ಲ ಎನ್ನುವ ಹಾಗಿತ್ತು.

ಆಗ ಇಂಬ್ರಾ ಬಾಗಿಲಿಂದ ನಡೆದು ಬಂದು ಮೇಷ್ಟ್ರ ಕೈಯಿಂದ ಗಾಜು ತೆಗೆದುಕೊಂಡ. ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ನೋಡಿದ. "ತ್ರೇಜಕ್ಕ, ಇದಕ್ಕೆ ಚೌಕಟ್ಟು ಅಗಲದ್ದು ಹಾಕ್ಲಾ, ಸಣ್ಣದು ಹಾಕ್ಲಾ?" ಎಂದ. ದಿನಾ ಕೇಳುವ ಹಾಗೆ ಕೇಳಿದ. ನನಗೆ ಅಳು ಬಂದದ್ದು ಆಗ.

ಕಣ್ಣಿಗೆ ಪೊರೆ ಬಂದಿದೆ, ಅದು ನಿಜ. ಆದರೆ ಕಣ್ಣೊಂದೇ ಅಲ್ಲ. ಈಗೀಗ ಕನ್ನಡಿ ನೋಡಿದರೂ ಯಾವುದು ಯಾವ ಕಡೆ ಎಂದು ಲೆಕ್ಕ ತಪ್ಪುತ್ತದೆ. ಬೇಸಿಗೆಯಿಂದಲೇ ಗೊತ್ತಿತ್ತು. ನಾನು ನಿನಗೆ ಸುಳ್ಳು ಯಾಕೆ ಹೇಳಿದೆ ಎಂದರೆ, ಯಾರೋ ಕಳ್ಳ ನನ್ನ ಹೆಸರು ಕದ್ದ ಎಂದರೆ ನಾನಿನ್ನೂ ಚಿತ್ರ ಬರೆಯುವವಳೇ. ನನ್ನ ಕೈಯೇ ತಪ್ಪಿತು ಎಂದರೆ ನಾನು ಯಾರು? ಹಂದಿ ಸಾಕುವ ಒಬ್ಬ ವಿಧವೆ. ಅದಕ್ಕಾಗಿ ಒಬ್ಬ ಒಳ್ಳೆಯವನನ್ನು ಊರ ಬಾಯಿಗೆ ಹಾಕಿದೆ.

ಬಣ್ಣದ ಡಬ್ಬಿಗಳನ್ನು ಅಟ್ಟಕ್ಕೆ ಹಾಕಿದ್ದೇನೆ.

ಅಮ್ಮ


ಒಪಾತಿಯಾ
20 ಮಾರ್ಚ್ 1979

ಅಮ್ಮಾ,

ನಿನ್ನ ಕಾಗದವನ್ನು ಬಟ್ಟೆ ಕೋಣೆಯಲ್ಲಿ ಕೂತು ಓದಿದೆ. ಓದಿ ಎದ್ದವಳೇ ಮ್ಯಾನೇಜರ್ ಹತ್ತಿರ ಹೋದೆ. ತ್ರೇಜಾ ನನ್ನ ತಾಯಿ, ನನಗೆ ಚೆನ್ನಾಗಿ ಗೊತ್ತು, ಆ ಎಡಗೈಯ ಮುದುಕಿಯೂ ಅವಳು ಬರೆದದ್ದೇ ಎಂದೆ. ಅವರು ಗಾಬರಿಯಾಗಿ ಕುರ್ಚಿ ಕೊಟ್ಟರು. ನಾನು ಕೂರಲಿಲ್ಲ. ನಿಂತು ಹೇಳಬೇಕಾದ ಮಾತು, ಡಿಸೆಂಬರಿನಲ್ಲೇ ಹೇಳಬೇಕಿತ್ತು.

ಈಸ್ಟರಿಗೆ ಬರುತ್ತಿದ್ದೇನೆ. ರಜೆ ಕೇಳಿದ್ದೇನೆ, ಕೊಡದಿದ್ದರೂ ಬರುತ್ತೇನೆ. ಇಂಬ್ರಣ್ಣನ ಮುಂದೆ ನಿಂತು ಕ್ಷಮೆ ಕೇಳಬೇಕು. ಆಮೇಲೆ ಅಟ್ಟ ಹತ್ತಬೇಕು. ನನ್ನ ಹಳೆಯ ಸ್ಟೂಲ್ ಇದೆಯಾ, ಒಲೆಗೆ ಹಾಕಿಬಿಟ್ಟೆಯಾ?

ದಾನಾ


ಸ್ತಾರಿ ಲುಗ್
2 ಏಪ್ರಿಲ್ 1979

ದಾನಾ,

ಸ್ಟೂಲ್ ಇದೆ. ಒಂದು ಕಾಲು ಅಲ್ಲಾಡುತ್ತಿತ್ತು, ಇಂಬ್ರಾ ಮೊಳೆ ಹೊಡೆದುಕೊಟ್ಟ. ಯಾಕೆ ಎಂದು ಕೇಳಲಿಲ್ಲ. ಈಗ ಅವನು ಬಾಚಿದ ದಾರಿಯಲ್ಲೇ ನಡೆಯುತ್ತೇನೆ. ಹಿಮ ಕರಗಿ ಬರೀ ಕೆಸರು ಉಳಿದಿದೆ, ಆದರೂ ಅಲ್ಲೇ ನಡೆಯುತ್ತೇನೆ.

ನೀನು ಬಂದು ಅಟ್ಟ ಹತ್ತುವುದೇನೂ ಬೇಡ. ನಿನ್ನ ಕಾಗದ ಬಂದ ದಿನವೇ ಡಬ್ಬಿಗಳನ್ನು ಇಳಿಸಿದೆ. ಮೂರು ವಾರ ಬಿಟ್ಟಿರಲು ಆಗಲಿಲ್ಲ, ನೋಡು, ಮಾನ ಮರ್ಯಾದೆ ಇಲ್ಲದ ಕೈ ಇದು. ದೊಡ್ಡದೊಂದು ಗಾಜು ಕೊಯ್ಯಿಸಿ ಮೂಲೆಯಲ್ಲಿ ಹೆಸರು ಹಾಕಿದ್ದೇನೆ. ಹೆಸರೊಂದೇ. ಉಳಿದದ್ದೆಲ್ಲ ಖಾಲಿ, ಅದರ ಮೂಲಕ ಅಂಗಳ ಕಾಣುತ್ತದೆ. ನಿಮ್ಮಪ್ಪನ ಕನ್ನಡಿಯನ್ನು ಮೊಳೆಗೆ ವಾಪಸ್ ತೂಗುಹಾಕಿದೆ.

ಪ್ಲಮ್ ಜಾಮ್ ತೆಗೆದಿಟ್ಟಿದ್ದೇನೆ, ಆದರೆ ಅದು ಆಮೇಲೆ. ಬಂದವಳೇ ಕೋಟು ಕಳಚಿ ಗಾಜಿನ ಆ ಕಡೆ ಕೂತುಕೋ. ಎಡಗೈ ಎತ್ತು.

ಅಮ್ಮ